ಅಪ್ರೀತಿಯೆಂಬ ಅಪರಾಧ

ನನ್ನ ನೆರೆಮನೆಯಲ್ಲಿ ವಕೀಲ ಮಿತ್ರರೊಬ್ಬರಿದ್ದಾರೆ. ಕೋರ್ಟಿಗೆ ಹೋಗುವುದನ್ನು ಬಿಟ್ಟು ಹತ್ತು ವರ್ಷಗಳಾದುವು. ವಾದಿಸುವುದನ್ನು ಮಾತ್ರ ಬಿಟ್ಟಿಲ್ಲ. ಭಾನುವಾರ ಬೆಳಗ್ಗೆ ಅವರ ಮನೆಯ ಜಗಲಿಯಲ್ಲಿ ಕಾಫಿ, ಪತ್ರಿಕೆ, ವಾದ—ಈ ಮೂರೂ ತಪ್ಪುವುದಿಲ್ಲ. ಕೆಲವು ವಾರಗಳ ಹಿಂದೆ ಅವರು ಪತ್ರಿಕೆಯನ್ನು ನನ್ನ ಕಡೆಗೆ ಚಾಚಿ ಒಂದು ತಲೆಬರಹದ ಮೇಲೆ ಬೆರಳಿಟ್ಟರು. ಯಾರೋ ಒಬ್ಬನ ಮೇಲೆ ‘ದೇಶದ್ರೋಹ’ದ ದೂರು ದಾಖಲಾಗಿತ್ತು. ಆತ ಮಾಡಿದ್ದೇನೆಂದು ನೋಡಿದರೆ, ಏನನ್ನೋ ಬರೆದಿದ್ದ, ಅಷ್ಟೆ.

“ಅಲ್ಲ ಸ್ವಾಮಿ, ಈ ದೇಶದ ಅನ್ನ ತಿಂದು ಈ ದೇಶಕ್ಕೇ ದ್ರೋಹ ಬಗೆಯುವವರನ್ನು ಸುಮ್ಮನೆ ಬಿಡಬೇಕೆ?” ಎಂದು ಕೇಳಿದರು.

ನಾನು ಕೂಡಲೇ ಉತ್ತರ ಹೇಳಲಿಲ್ಲ. ನನ್ನ ಮನಸ್ಸು ಆ ಒಂದು ಪದದಲ್ಲಿ ಸಿಕ್ಕಿಕೊಂಡಿತ್ತು. ನಾನು ಹುಡುಗನಾಗಿದ್ದಾಗ ಮನೆಯಲ್ಲಿ ಹಿರಿಯರು ತಿಲಕರ ಮೊಕದ್ದಮೆಯ ಮಾತೆತ್ತಿದರೆ ‘ರಾಜದ್ರೋಹ’ ಎನ್ನುತ್ತಿದ್ದರು. ಹಾಗೆನ್ನುವಾಗ ಅವರ ದನಿಯಲ್ಲಿ ನಾಚಿಕೆಯಿರಲಿಲ್ಲ, ಹೆಮ್ಮೆಯಿತ್ತು. ರಾಜನೆಂದರೆ ಬೇರೆ, ದೇಶವೆಂದರೆ ಬೇರೆ ಎಂಬುದು ಅಂದಿನ ಅನಕ್ಷರಸ್ಥರಿಗೂ ತಿಳಿದಿತ್ತು. ದೇಶದ ಮೇಲಣ ಪ್ರೀತಿಯಿಂದಲೇ ರಾಜನಿಗೆ ದ್ರೋಹ ಬಗೆದವರೆಂದು ಅವರಿಗೆ ಜನ ಕೈಮುಗಿಯುತ್ತಿದ್ದರು. ಆಮೇಲೆ ರಾಜ ಹೋದ, ಅವನ ಪ್ರತಿನಿಧಿಯೂ ಹೋದ. ದ್ರೋಹವೆಂಬ ಪದ ಮಾತ್ರ ಒಡೆಯನಿಲ್ಲದೆ ಉಳಿಯಿತು. ಎಂದೋ ಯಾರೋ ಆ ತೆರವಾದ ಸ್ಥಾನದಲ್ಲಿ ದೇಶವನ್ನು ತಂದು ಕೂರಿಸಿದರು. ಕಾನೂನಿನ ಅಕ್ಷರ ಬದಲಾಗಲಿಲ್ಲ. ಪತ್ರಿಕೆಗಳ ಕನ್ನಡ ಬದಲಾಯಿತು. ಈ ಸಣ್ಣ ಬದಲಾವಣೆಯಲ್ಲಿ ಒಂದು ದೊಡ್ಡ ಪ್ರಶ್ನೆ ಅಡಗಿದೆಯೆಂದು ನನಗೆ ತೋರುತ್ತದೆ.

ಮೊದಲು ಆ ಕಾನೂನಿನ ಜನ್ಮವೃತ್ತಾಂತವನ್ನು ನೋಡೋಣ. 1837ರಲ್ಲಿ ಮೆಕಾಲೆ ಸಿದ್ಧಪಡಿಸಿದ ದಂಡಸಂಹಿತೆಯ ಕರಡಿನಲ್ಲಿ ರಾಜದ್ರೋಹದ ಕಲಮು ಇತ್ತು. 1860ರಲ್ಲಿ ಸಂಹಿತೆ ಕಾನೂನಾದಾಗ ಅದು ಹೇಗೋ ಬಿಟ್ಟುಹೋಗಿತ್ತು. 1870ರಲ್ಲಿ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ಎಂಬ ನ್ಯಾಯಶಾಸ್ತ್ರಜ್ಞ ಅದನ್ನು 124-ಎ ಎಂಬ ಸಂಖ್ಯೆಯೊಡನೆ ಮರಳಿ ಸೇರಿಸಿದ. ಸರಕಾರದ ವಿಷಯದಲ್ಲಿ ‘ಡಿಸ್‌ಅಫೆಕ್ಷನ್’ ಹುಟ್ಟಿಸುವುದು ಅಪರಾಧ. ಅದಕ್ಕೆ ಜೀವಾವಧಿ ಗಡೀಪಾರಿನವರೆಗೂ ಶಿಕ್ಷೆ. ಈ ಡಿಸ್‌ಅಫೆಕ್ಷನ್ ಎಂದರೇನು? 1897ರಲ್ಲಿ ‘ಕೇಸರಿ’ಯ ಬರಹಗಳಿಗಾಗಿ ತಿಲಕರನ್ನು ಮುಂಬಯಿಯಲ್ಲಿ ವಿಚಾರಣೆಗೆ ಗುರಿಪಡಿಸಿದಾಗ ನ್ಯಾಯಮೂರ್ತಿ ಸ್ಟ್ರೇಚಿಯವರು ಜ್ಯೂರಿಗೆ ಅದನ್ನು ಬಿಡಿಸಿ ಹೇಳಿದರು: ಪ್ರೀತಿಯ ಅಭಾವವೇ ಡಿಸ್‌ಅಫೆಕ್ಷನ್. ಕನ್ನಡದಲ್ಲಿ ನೇರವಾಗಿ ಹೇಳುವುದಾದರೆ, ಅಪ್ರೀತಿ. ಜ್ಯೂರಿಯ ಒಂಬತ್ತು ಮಂದಿಯಲ್ಲಿ ಆರು ಯೂರೋಪಿಯನರು ಅಪರಾಧಿಯೆಂದರು, ಮೂವರು ಭಾರತೀಯರು ಅಲ್ಲವೆಂದರು. ತಿಲಕರಿಗೆ ಒಂದೂವರೆ ವರ್ಷದ ಸಜೆಯಾಯಿತು. 1908ರಲ್ಲಿ ಮತ್ತೆ ಅದೇ ಕಲಮು, ಆರು ವರ್ಷ, ಮಂಡಾಲೆಯ ಸೆರೆಮನೆ.

1922ರ ಮಾರ್ಚಿಯಲ್ಲಿ ಅಹಮದಾಬಾದಿನ ನ್ಯಾಯಾಲಯದಲ್ಲಿ ಗಾಂಧೀಜಿ ನಿಂತಾಗ ಈ ಕಾನೂನಿನ ವೈಚಿತ್ರ್ಯ ಇನ್ನೂ ಸ್ಪಷ್ಟವಾಯಿತು. ‘ಯಂಗ್ ಇಂಡಿಯಾ’ದ ಲೇಖನಗಳನ್ನು ಬರೆದವನು ನಾನೇ ಎಂದು ಅವರು ಒಪ್ಪಿಕೊಂಡರು. ಪ್ರೀತಿಯನ್ನು ಕಾನೂನಿನಿಂದ ತಯಾರಿಸಲಾಗದು, ಹಿಂಸೆಯನ್ನು ಪ್ರಚೋದಿಸದಿರುವವರೆಗೆ ತನ್ನ ಅಪ್ರೀತಿಯನ್ನು ಹೇಳಿಕೊಳ್ಳಲು ಪ್ರತಿಯೊಬ್ಬನಿಗೂ ಸ್ವಾತಂತ್ರ್ಯವಿರಬೇಕು ಎಂಬರ್ಥದ ಮಾತನ್ನು ಹೇಳಿ, ಅತ್ಯಂತ ಹೆಚ್ಚಿನ ಶಿಕ್ಷೆ ಕೊಡಿ ಎಂದರು. ನ್ಯಾಯಾಧೀಶ ಬ್ರೂಮ್‌ಫೀಲ್ಡ್ ಗೌರವದಿಂದಲೇ ಆರು ವರ್ಷ ವಿಧಿಸಿದರು.

ಇದು ನಮ್ಮ ನಿಮ್ಮ ಬಾಳಿನ ಮಟ್ಟಿಗೆ ಎಂಥ ವಿಚಿತ್ರವೆಂಬುದನ್ನು ನೋಡಿ. ನಾನು ಬಹಳ ವರ್ಷ ಬಾಡಿಗೆ ಮನೆಗಳಲ್ಲಿದ್ದವನು. ಮನೆಯ ಯಜಮಾನರು ತಿಂಗಳ ಐದನೆಯ ತಾರೀಕಿನೊಳಗೆ ಬಾಡಿಗೆ ಕೇಳಬಹುದು. ಗೋಡೆಗೆ ಮೊಳೆ ಹೊಡೆಯಬೇಡಿ ಎನ್ನಬಹುದು. ತಪ್ಪಿದರೆ ಕೋರ್ಟಿಗೆ ಹೋಗಬಹುದು. ಆದರೆ “ಈತನಿಗೆ ನನ್ನ ಮೇಲೆ ಪ್ರೀತಿಯಿಲ್ಲ, ಪಕ್ಕದ ಮನೆಯವರೊಡನೆ ನಲ್ಲಿಯಲ್ಲಿ ನೀರು ಬರುವುದಿಲ್ಲವೆಂದು ಹೇಳಿ ಅವರ ಪ್ರೀತಿಯನ್ನೂ ಕೆಡಿಸಿದ್ದಾನೆ” ಎಂದು ಯಾವ ಯಜಮಾನರೂ ದಾವೆ ಹೂಡಿದ್ದನ್ನು ನಾನು ಕೇಳಿಲ್ಲ. ಪ್ರೀತಿ ಬೇಕಾದರೆ ನಲ್ಲಿ ಸರಿಮಾಡಿಸಬೇಕು, ಬೇರೆ ದಾರಿಯಿಲ್ಲ. ಕಾನೂನು ಕೈಯನ್ನು ಕಟ್ಟಬಹುದು, ಕಾಲನ್ನು ಕಟ್ಟಬಹುದು. ಹೃದಯದ ಮೇಲೆ ಕಂದಾಯ ಹಾಕಿ ವಸೂಲಿಗೆ ಅಮಲ್ದಾರನನ್ನು ಕಳುಹಿಸುವುದು ಹೇಗೆ?

ಪರಕೀಯರು ಆಳುತ್ತಿದ್ದರು, ಅವರಿಗೆ ಪ್ರೀತಿ ಸಿಗುವಂತಿರಲಿಲ್ಲ, ಆದ್ದರಿಂದ ಕಾನೂನು ಮಾಡಿದರು ಎನ್ನಬಹುದು. ಅಷ್ಟೇ ಆಗಿದ್ದರೆ ಸ್ವದೇಶೀಯರ ಆಳ್ವಿಕೆಯಲ್ಲಿ ಇದು ತಾನಾಗಿಯೇ ಸಾಯಬೇಕಿತ್ತು. ತಿಲಕರು ಮಂಡಾಲೆಗೆ ಹೋದ ಆ 1908ರಲ್ಲಿಯೇ ನಮ್ಮ ಮೈಸೂರು ಸಂಸ್ಥಾನದಲ್ಲಿ ಪತ್ರಿಕೆಗಳಿಗೆ ಮೂಗುದಾರ ಹಾಕುವ ಕಾಯಿದೆ ಬಂತು. ಅಲ್ಲಿ ಮಹಾರಾಜರು ನಮ್ಮವರು, ದಿವಾನರು ನಮ್ಮವರು. ಆದರೂ ಜನರು ‘ತಾತಯ್ಯ’ನೆಂದು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರ ಪತ್ರಿಕೆಗಳು ನಿಂತುಹೋದುವು. ಟೀಕೆಯನ್ನು ಸಹಿಸದ ಗುಣ ಪರಕೀಯರ ಸ್ವತ್ತಲ್ಲ. ಅದು ಕುರ್ಚಿಯ ಗುಣ.

ಆಂಗ್ಲ ಸಾಮ್ರಾಜ್ಯ ಎಲ್ಲೆಲ್ಲಿ ಕಾಲಿಟ್ಟಿತೋ ಅಲ್ಲೆಲ್ಲ ಈ ಕಾನೂನೂ ಕಾಲಿಟ್ಟಿತು. ಆಫ್ರಿಕದ ಕಥೆ ನಮ್ಮದಕ್ಕೆ ಕನ್ನಡಿ ಹಿಡಿದಂತಿದೆ. ಇಂದಿನ ಘಾನಾ ಅಂದು ಗೋಲ್ಡ್ ಕೋಸ್ಟ್ ವಸಾಹತಾಗಿತ್ತು. 1936ರಲ್ಲಿ ಅದರ ರಾಜಧಾನಿ ಅಕ್ರಾದಲ್ಲಿ ‘ಆಫ್ರಿಕನ್ ಮಾರ್ನಿಂಗ್ ಪೋಸ್ಟ್’ ಎಂಬ ಪತ್ರಿಕೆಯಲ್ಲಿ ವ್ಯಾಲೇಸ್-ಜಾನ್ಸನ್ ಎಂಬುವರು, ಆಫ್ರಿಕನನಿಗೆ ದೇವರಿದ್ದಾನೆಯೆ ಎಂದು ಕೇಳುವ ಒಂದು ಕಟುವಾದ ಲೇಖನ ಬರೆದರು. ಬರೆದವರ ಮೇಲೂ ಸಂಪಾದಕರ ಮೇಲೂ ಮೊಕದ್ದಮೆಯಾಯಿತು. ಬರೆದವರ ಮೇಲ್ಮನವಿ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ರಾಜದ್ರೋಹವೆನ್ನಲು ಹಿಂಸೆಗೆ ಪ್ರಚೋದನೆ ಇರಬೇಕಾದ ಅಗತ್ಯವೇ ಇಲ್ಲವೆಂದು 1939ರಲ್ಲಿ ತೀರ್ಪು ಬಂತು. ಸಂಪಾದಕರು ಮೇಲ್ಮನವಿಯಲ್ಲಿ ಬಿಡುಗಡೆ ಹೊಂದಿದರು. ಅವರ ಹೆಸರು ನ್ನಾಮ್ಡಿ ಅಜಿಕಿವೆ. 1963ರಲ್ಲಿ ಅವರೇ ನೈಜೀರಿಯಾ ಗಣರಾಜ್ಯದ ಮೊದಲ ಅಧ್ಯಕ್ಷರಾದರು. ಆದರೆ ರಾಜದ್ರೋಹದ ಕಲಮು ಅವರ ದೇಶದ ದಂಡಸಂಹಿತೆಯಲ್ಲಿ ಹಾಗೆಯೇ ಉಳಿಯಿತು. ಒಬ್ಬ ಗವರ್ನರರ ಆಡಳಿತವನ್ನು ಟೀಕಿಸಿ ಪುಸ್ತಕ ಬರೆದ ಆರ್ಥರ್ ನ್ವಾಂಕ್ವೊ ಎಂಬುವರಿಗೆ 1980ರ ದಶಕದಲ್ಲಿ ಅದೇ ಕಲಮಿನಡಿ ಶಿಕ್ಷೆಯಾಯಿತು. ಮೇಲಿನ ನ್ಯಾಯಾಲಯ ಅದನ್ನು ರದ್ದುಮಾಡಬೇಕಾಯಿತು.

ಘಾನಾದ ಎನ್‌ಕ್ರುಮಾ 1950ರಲ್ಲಿ ಸೆರೆಮನೆ ಸೇರಿದಾಗ ಅವರ ಮೇಲಿನ ಆಪಾದನೆಗಳಲ್ಲಿ ರಾಜದ್ರೋಹವೂ ಒಂದು. ಮರುವರ್ಷ ಸೆರೆಯಲ್ಲಿದ್ದುಕೊಂಡೇ ಚುನಾವಣೆ ಗೆದ್ದರು. ದೇಶ ಸ್ವತಂತ್ರವಾದದ್ದು 1957ರಲ್ಲಿ. 1958ರಲ್ಲಿಯೇ ವಿಚಾರಣೆಯಿಲ್ಲದೆ ಬಂಧಿಸಿಡುವ ಕಾನೂನು ತಂದರು. ಅವರ ಹಿಂದಿನ ಸಹೋದ್ಯೋಗಿ, ವಿದ್ವಾಂಸರಾದ ಜೆ. ಬಿ. ಡಾಂಕ್ವಾ 1965ರಲ್ಲಿ ಸೆರೆಮನೆಯಲ್ಲಿಯೇ ತೀರಿಕೊಂಡರು.

ಇನ್ನೊಂದು ಪ್ರಸಂಗ ಉಗಾಂಡದ್ದು. ರಜತ್ ನಿಯೋಗಿ ಎಂಬ ಬಂಗಾಳಿ ಮೂಲದ ತರುಣ 1961ರಲ್ಲಿ ಕಂಪಾಲಾದಲ್ಲಿ ‘ಟ್ರಾನ್ಸಿಶನ್’ ಎಂಬ ಪತ್ರಿಕೆಯನ್ನು ತೆಗೆದರು. ಆಫ್ರಿಕದ ಒಳ್ಳೆಯ ಬರಹಗಾರರು ಅದರಲ್ಲಿ ಬರೆಯುತ್ತಿದ್ದರು. 1968ರಲ್ಲಿ ಅಲ್ಲಿನ ಪಾರ್ಲಿಮೆಂಟಿನ ಸದಸ್ಯ ಅಬು ಮಯಾಂಜಾ ಅದಕ್ಕೊಂದು ಪತ್ರ ಬರೆದರು. ಉಚ್ಚ ನ್ಯಾಯಾಲಯಕ್ಕೆ ಆಫ್ರಿಕನ್ ನ್ಯಾಯಾಧೀಶರ ನೇಮಕ ಏಕೆ ತಡವಾಗುತ್ತಿದೆ ಎಂದು ಅದರಲ್ಲಿ ಕೇಳಿದ್ದರು. ಸ್ವತಂತ್ರ ಆಫ್ರಿಕದಲ್ಲಿ ಆಫ್ರಿಕನ್ನರ ಪರವಾಗಿ ಕೇಳಿದ ಪ್ರಶ್ನೆಯೇ ರಾಜದ್ರೋಹವಾಯಿತು. ಬರೆದವರನ್ನೂ ಸಂಪಾದಕರನ್ನೂ ಹಿಡಿದರು. ಮ್ಯಾಜಿಸ್ಟ್ರೇಟರು ನಿರ್ದೋಷಿಗಳೆಂದು ಬಿಟ್ಟರು, ಸರಕಾರ ಬಿಡಲಿಲ್ಲ. ನಿಯೋಗಿ 1969ರ ಮಾರ್ಚಿಯಲ್ಲಿ ಸೆರೆಯಿಂದ ಹೊರಬಂದು ದೇಶವನ್ನೇ ಬಿಟ್ಟರು.

ಮುಂದೇನಾಯಿತೆಂಬುದು ಮುಖ್ಯ. ಎನ್‌ಕ್ರುಮಾರ ಸರಕಾರ 1966ರಲ್ಲಿ ಬಿತ್ತು. ಉಗಾಂಡದ ಒಬೋಟೆಯವರ ಸರಕಾರ 1971ರಲ್ಲಿ ಬಿತ್ತು. ಎರಡನ್ನೂ ಕೆಡವಿದ್ದು ಲೇಖನಿಯಲ್ಲ, ಸೈನ್ಯ. ಸರಕಾರ ಪತ್ರಿಕಾ ಕಚೇರಿಯ ಬಾಗಿಲಲ್ಲಿ ಕಾವಲು ಕೂತಿದ್ದಾಗ ಆಪತ್ತು ದಂಡಿನ ಬಿಡಾರದಿಂದ ಬಂತು. ಪತ್ರಿಕೆಗಳ ಬಾಯಿ ಕಟ್ಟಿದವನು ತನ್ನ ಕಿವಿಯನ್ನೂ ಕಟ್ಟಿಕೊಂಡಿರುತ್ತಾನೆ. ಸ್ವತಂತ್ರ ಪತ್ರಿಕೆಗಳುಳ್ಳ ಪ್ರಜಾಪ್ರಭುತ್ವದಲ್ಲಿ ಘೋರ ಕ್ಷಾಮ ಬರುವುದಿಲ್ಲವೆಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ತೋರಿಸಿಕೊಟ್ಟಿದ್ದಾರೆ. 1958ರಿಂದ 1961ರವರೆಗೆ ಚೀನಾದಲ್ಲಿ ಕೋಟಿಗಟ್ಟಲೆ ಜನ ಹಸಿದು ಸತ್ತಾಗ, ಊರೂರಿನ ಅಧಿಕಾರಿಗಳು ಕಣಜ ತುಂಬಿದೆಯೆಂದು ವರದಿ ಕಳುಹಿಸುತ್ತಿದ್ದರು. ಸುಳ್ಳೆಂದು ಬರೆಯುವ ಪತ್ರಿಕೆ ಅಲ್ಲಿರಲಿಲ್ಲ.

ಇಷ್ಟನ್ನು ನಾನು ಹೇಳಿದ ಮೇಲೆ ವಕೀಲರು ಸುಮ್ಮನಾಗಲಿಲ್ಲ. “ನೀವು ಹೇಳಿದ್ದೆಲ್ಲ ಸರಿ. ಆದರೆ ಎಳೆಯ ಸಸಿಗೆ ಬೇಲಿ ಬೇಡವೆ? ಇಂಗ್ಲೆಂಡಿನಲ್ಲಿ ರಾಜ್ಯ ನಿಂತು ಶತಮಾನಗಳಾದುವು. 2009ರಲ್ಲಿ ಅವರು ಆ ಅಪರಾಧವನ್ನೇ ತೆಗೆದುಹಾಕಿದರು, ಅವರಿಗೆ ನಡೆಯುತ್ತದೆ. ಹತ್ತು ಭಾಷೆ, ಹತ್ತು ಕುಲ, ಅರೆಹೊಟ್ಟೆಯ ಜನ ಇರುವ ಹೊಸ ದೇಶದಲ್ಲಿ ಒಂದು ಸುಳ್ಳು ಸುದ್ದಿ ಸಾಕು, ಊರಿಗೆ ಬೆಂಕಿ ಬೀಳುತ್ತದೆ. ಆಗ ನಿಮ್ಮ ತತ್ತ್ವ ನೀರು ತಂದು ಹಾಕುತ್ತದೆಯೆ?”

ಈ ಮಾತನ್ನು ತಳ್ಳಿಹಾಕುವಂತಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಯನ್ನು ಹೇಳಿ ನಗಿಸಿ ತಪ್ಪಿಸಿಕೊಳ್ಳಬಹುದಿತ್ತು, ಅದು ಉತ್ತರವಾಗುತ್ತಿರಲಿಲ್ಲ. ಕೆಲವು ಬರಹಗಳನ್ನು ಓದಿದಾಗ, ಇವನ ಕೈ ಹಿಡಿಯುವವರು ಯಾರೂ ಇಲ್ಲವೆ ಎಂದು ನನಗೂ ಅನಿಸಿದೆ. ರುವಾಂಡದಲ್ಲಿ 1994ರಲ್ಲಿ ನೂರು ದಿನಗಳಲ್ಲಿ ಲಕ್ಷಾಂತರ ಟುಟ್ಸಿಗಳ ಕೊಲೆಯಾಯಿತು. ಅಲ್ಲಿನ ಒಂದು ರೇಡಿಯೋ ನಿಲಯ ನೆರೆಯವರನ್ನು ಜಿರಲೆಗಳೆಂದು ಕರೆದು, ಕೊಲ್ಲಿರೆಂದು ಹುರಿದುಂಬಿಸುತ್ತಿತ್ತು. ‘ಕಂಗುರಾ’ ಎಂಬ ಪತ್ರಿಕೆ ಅದಕ್ಕೆ ಮೊದಲೇ ವಿಷ ಬಿತ್ತಿತ್ತು. ಆ ರೇಡಿಯೋ ನಡೆಸಿದವರಿಗೂ ಆ ಪತ್ರಿಕೆಯ ಸಂಪಾದಕನಿಗೂ 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಲಿ ಶಿಕ್ಷೆ ವಿಧಿಸಿತು. ಅದು ಅನ್ಯಾಯವೆಂದು ನಾನು ಹೇಳಲಾರೆ. ಮಾತು ಕೊಲ್ಲುತ್ತದೆ, ಕೊಲ್ಲುವ ಮಾತನ್ನು ತಡೆಯುವ ಹಕ್ಕು ಸಮಾಜಕ್ಕಿದೆ.

ಆದರೆ ಅದೇ ರುವಾಂಡದ ಉದಾಹರಣೆಯನ್ನು ತಿರುಗಿಸಿ ನೋಡಿ. ಆ ರೇಡಿಯೋ ಸರಕಾರದ ಶತ್ರುಗಳದ್ದಾಗಿರಲಿಲ್ಲ. ಅಧಿಕಾರಕ್ಕೆ ಹತ್ತಿರವಿದ್ದವರೇ ಅದನ್ನು ಕಟ್ಟಿದ್ದರು. ಸರಕಾರದ ಮೇಲೆ ಅಪ್ರೀತಿ ಹುಟ್ಟಿಸುವವರನ್ನು ಹಿಡಿಯುವ ಕಾನೂನು ಅದರ ಕೂದಲನ್ನೂ ಕೊಂಕಿಸುತ್ತಿರಲಿಲ್ಲ. ಅದು ಸರಕಾರವನ್ನು ಪ್ರೀತಿಸುತ್ತಿತ್ತು, ದ್ವೇಷಿಸಿದ್ದು ನೆರೆಮನೆಯವನನ್ನು. ನನಗೆ ವ್ಯತ್ಯಾಸ ತಿಳಿದದ್ದು ಇಲ್ಲಿಯೇ. ಒಂದು ಕಾನೂನು ನೆರೆಯವನ ಪ್ರಾಣವನ್ನು ಕಾಯುತ್ತದೆ. ಇನ್ನೊಂದು ಆಳುವವನ ಮಾನವನ್ನು ಕಾಯುತ್ತದೆ. ಮೊದಲನೆಯದು ಎಳೆಯ ದೇಶಕ್ಕೆ ಬೇಕು, ಹಳೆಯ ದೇಶಕ್ಕೂ ಬೇಕು. ಎರಡನೆಯದು ಮೊದಲನೆಯದರ ಅಂಗಿ ತೊಟ್ಟು ಬರುತ್ತದೆ. ಸಸಿಯ ಹೆಸರಿನಲ್ಲಿ ಹಾಕಿದ ಬೇಲಿಯ ಒಳಗೆ ಇರುವುದು ಸಸಿಯೋ ಮಾಲಿಯ ಕುರ್ಚಿಯೋ ಎಂದು ಪ್ರತಿಸಾರಿಯೂ ಇಣುಕಿ ನೋಡಬೇಕು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. 1975ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ನಾನು ಒಂದು ಸಣ್ಣ ಊರಿನ ವಾರಪತ್ರಿಕೆಯಲ್ಲಿ ಕೆಲಸಮಾಡುತ್ತಿದ್ದೆ. ಅಲ್ಲಿ ನಡೆದದ್ದು ರಾಜದ್ರೋಹದ ಮೊಕದ್ದಮೆಯಲ್ಲ, ಸೆನ್ಸಾರು. ಆದರೆ ಎರಡು ಭಯಗಳಿಗೂ ಬೇರು ಒಂದೇ. ಹತ್ತಿರದ ಹಳ್ಳಿಯಲ್ಲಿ ಸಂತಾನಹರಣ ಚಿಕಿತ್ಸೆಗೆಂದು ಜನರನ್ನು ಬಲವಂತವಾಗಿ ಲಾರಿಗೆ ಹತ್ತಿಸಿದ ಸುದ್ದಿಯನ್ನು ಅಲ್ಲಿಯ ರೈತರೊಬ್ಬರು ಬಂದು ಹೇಳಿದರು. ನಾನು ಬರೆದೆ. ಬರೆದು ಓದಿದೆ. ಓದಿ, ‘ಬಲವಂತವಾಗಿ’ ಎಂಬ ಒಂದು ಪದವನ್ನು ಹೊಡೆದುಹಾಕಿದೆ. ಮತ್ತೆ ಓದಿದಾಗ ಸುದ್ದಿಯಲ್ಲಿ ಏನೂ ಉಳಿದಿರಲಿಲ್ಲ. ಶಿಬಿರವೊಂದು ನಡೆಯಿತೆಂಬ ವಾರ್ತೆಯಾಗಿತ್ತು. ಅದನ್ನು ನೋಡಿದ ಅಧಿಕಾರಿ, “ಇದರಲ್ಲಿ ತೊಂದರೆಯೇನೂ ಇಲ್ಲವಲ್ಲ” ಎಂದು ಮೊಹರು ಒತ್ತಿ ಕೊಟ್ಟರು. ಅವರು ನನ್ನನ್ನು ಗದರಿಸಲಿಲ್ಲ. ಯಾರೂ ಗದರಿಸಲಿಲ್ಲ. ಮುಂದಿನ ವಾರ ಆ ರೈತರು ಪತ್ರಿಕೆ ಹಿಡಿದುಕೊಂಡು ಬಂದು, “ಏನ್ ಸ್ವಾಮಿ, ನಮ್ ಸುದ್ದಿ ಬರಲೇ ಇಲ್ಲವಲ್ಲ?” ಎಂದು ಕೇಳಿದರು. ಬಂದಿದೆ ನೋಡಿ ಎಂದು ಅದನ್ನು ತೋರಿಸುವ ಧೈರ್ಯ ನನಗಾಗಲಿಲ್ಲ.

ಈ ಕಾನೂನುಗಳ ನಿಜವಾದ ಕೆಲಸ ನಡೆಯುವುದು ನ್ಯಾಯಾಲಯದಲ್ಲಲ್ಲ, ಬರೆಯುವವನ ಮೇಜಿನ ಮೇಲೆ. ಸೆರೆಮನೆಗೆ ಹೋದವರ ಲೆಕ್ಕ ಸಿಗುತ್ತದೆ. ಹೊಡೆದುಹಾಕಿದ ಪದಗಳ ಲೆಕ್ಕವಿಡುವವರು ಯಾರು? ತಿಲಕರಂಥವರನ್ನು ಸೆರೆ ಹೆದರಿಸಲಿಲ್ಲ, ನಿಜ. ಆದರೆ ದೇಶದ ಸುದ್ದಿಯನ್ನು ಬರೆಯುವವರೆಲ್ಲ ತಿಲಕರಲ್ಲ. ನನ್ನಂಥ ಸಾಧಾರಣ ಮನುಷ್ಯ, ಮನೆಯಲ್ಲಿ ಹೆಂಡತಿ ಮಕ್ಕಳಿರುವವನು, ಧೈರ್ಯಕ್ಕೆ ವಿಶೇಷ ಬಹುಮಾನವಿಲ್ಲದೆಯೂ ನಿಜ ಬರೆಯಬಲ್ಲ ದೇಶ ಬೇಕು.

ನಮ್ಮ ದೇಶದ ಅನುಭವವೂ ಇದನ್ನೇ ಹೇಳುತ್ತದೆ. ರಾಜದ್ರೋಹವೆಂಬ ಪದವನ್ನು ಸಂವಿಧಾನ ಸಭೆ ವಾಕ್ಸ್ವಾತಂತ್ರ್ಯದ ಮಿತಿಗಳಿಂದ ತೆಗೆದುಹಾಕಿತು. 124-ಎ ಅತ್ಯಂತ ಆಕ್ಷೇಪಾರ್ಹವೆಂದು 1951ರಲ್ಲಿ ನೆಹರೂ ಪಾರ್ಲಿಮೆಂಟಿನಲ್ಲಿಯೇ ಹೇಳಿದರು. ಹೇಳಿದ್ದು, ಸಂವಿಧಾನ ಬಂದು ಒಂದೂವರೆ ವರ್ಷ ತುಂಬುವ ಮೊದಲೇ ವಾಕ್ಸ್ವಾತಂತ್ರ್ಯದ ಮಿತಿಗಳನ್ನು ಹೆಚ್ಚಿಸುವ ತಿದ್ದುಪಡಿಯ ಚರ್ಚೆಯಲ್ಲಿ! ಕಲಮು ಉಳಿಯಿತು. 1962ರಲ್ಲಿ ಕೇದಾರನಾಥ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ಹಿಂಸೆ, ಗಲಭೆಗಳ ಪ್ರಚೋದನೆಗೆ ಮಾತ್ರ ಅನ್ವಯಿಸಬೇಕೆಂದು ಬಿಗಿಮಾಡಿತು. ಹನ್ನೊಂದು ವರ್ಷಗಳ ಮೇಲೆ, 1973ರ ಹೊಸ ದಂಡ ಪ್ರಕ್ರಿಯಾ ಸಂಹಿತೆ, ವಾರಂಟಿಲ್ಲದೆ ಬಂಧಿಸುವ ಅಧಿಕಾರವನ್ನು ಪೋಲೀಸರಿಗೆ ಕೊಟ್ಟಿತು. ಆಂಗ್ಲರೂ ಕೊಟ್ಟಿರದ ಅಧಿಕಾರವದು. ಸುಪ್ರೀಂ ಕೋರ್ಟಿನ ತೀರ್ಪು ಠಾಣೆಯ ಬಾಗಿಲವರೆಗೆ ಬರಲು ಬಹಳ ಕಾಲ ಬೇಕು. 2020ರಲ್ಲಿ ಬೀದರಿನ ಶಾಲೆಯೊಂದರಲ್ಲಿ ಮಕ್ಕಳು ಆಡಿದ ನಾಟಕಕ್ಕಾಗಿ ಈ ಕಲಮನ್ನು ಹೂಡಿ, ಮುಖ್ಯೋಪಾಧ್ಯಾಯಿನಿಯನ್ನೂ ಒಂದು ಮಗುವಿನ ತಾಯಿಯನ್ನೂ ಬಂಧಿಸಿದರು. ರಾಜ್ಯದ ಉಚ್ಚ ನ್ಯಾಯಾಲಯ ಆ ಮೊಕದ್ದಮೆಯನ್ನು ರದ್ದುಪಡಿಸಿದ್ದು 2023ರಲ್ಲಿ. ನ್ಯಾಯ ಸಿಕ್ಕಿತು, ಕಳೆದ ಮೂರು ವರ್ಷಗಳು ಸಿಗಲಿಲ್ಲ.

2022ರ ಮೇ 11ರಂದು ಸುಪ್ರೀಂ ಕೋರ್ಟು ಈ ಕಲಮಿನ ಬಳಕೆಯನ್ನು ತಡೆಹಿಡಿಯಿತು. ಅರ್ಜಿದಾರರಲ್ಲಿ ಒಬ್ಬರು ಮೈಸೂರಿನಲ್ಲಿ ನೆಲೆಸಿದ ನಿವೃತ್ತ ಮೇಜರ್ ಜನರಲ್ ಎಸ್. ಜಿ. ವೊಂಬತ್ಕೆರೆ. ದೇಶಕ್ಕಾಗಿ ಸಮವಸ್ತ್ರ ತೊಟ್ಟವರು ಈ ಕಾನೂನಿನಿಂದ ದೇಶಕ್ಕೆ ರಕ್ಷಣೆಯೆಂದು ನಂಬಲಿಲ್ಲವೆಂಬುದು ಗಮನಿಸಬೇಕಾದದ್ದು. 2024ರ ಜುಲೈ 1ರಿಂದ ಹಳೆಯ ಸಂಹಿತೆಯೇ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ‘ಅಪ್ರೀತಿ’ ಇಲ್ಲ. ರಾಜದ್ರೋಹ ಹೋಯಿತು, ದೇಶದ್ರೋಹಕ್ಕೆ ಮಾತ್ರ ಶಿಕ್ಷೆ ಎಂಬುದು ಸರಕಾರದ ವಿವರಣೆ. ವ್ಯಕ್ತಿ ಬೇರೆ, ದೇಶ ಬೇರೆ ಎಂದು ಒಪ್ಪಿದ್ದು ಸಂತೋಷ. ಆದರೆ 152ನೆಯ ಕಲಮು ಪ್ರತ್ಯೇಕತಾವಾದಿ ಚಟುವಟಿಕೆಗಳ ‘ಭಾವನೆ’ಗೆ ಪ್ರೋತ್ಸಾಹ ಕೊಡುವುದನ್ನೂ, ಸಾರ್ವಭೌಮತ್ವಕ್ಕೆ ಆಪತ್ತು ತರುವುದನ್ನೂ ಜೀವಾವಧಿ ಶಿಕ್ಷೆಗೆ ಗುರಿಮಾಡುತ್ತದೆ. ಭಾವನೆಯನ್ನು ಅಳೆಯುವ ತಕ್ಕಡಿ ಈಗಲೂ ಠಾಣೆಯಲ್ಲಿಯೇ ಇದೆ.

ಬೇರೆ ದೇಶಗಳು ಬೇರೆ ಬೇರೆ ದಾರಿ ಹಿಡಿದಿವೆ. ಕೀನ್ಯಾ 1997ರಲ್ಲಿ ರಾಜದ್ರೋಹದ ಕಲಮುಗಳನ್ನು ರದ್ದುಮಾಡಿತು. ಉಗಾಂಡದ ಸಂವಿಧಾನ ನ್ಯಾಯಾಲಯ 2010ರಲ್ಲಿ, ಲಾಹೋರಿನ ಉಚ್ಚ ನ್ಯಾಯಾಲಯ 2023ರಲ್ಲಿ, ಅದನ್ನು ಅಸಿಂಧುವೆಂದು ಸಾರಿದುವು. ಸಿಂಗಪುರದ ಪಾರ್ಲಿಮೆಂಟು 2021ರಲ್ಲಿ ಅದನ್ನು ತೆಗೆಯಿತು. ಇವುಗಳಲ್ಲಿ ಯಾವ ದೇಶವೂ ರಾಜದ್ರೋಹದ ಕಾನೂನಿಲ್ಲವೆಂಬ ಕಾರಣಕ್ಕೆ ಒಡೆದು ಚೂರಾಗಲಿಲ್ಲ. ಅಲ್ಲೆಲ್ಲ ಪತ್ರಿಕೆಗಳು ಸುಖವಾಗಿವೆಯೆಂದು ನಾನು ಹೇಳುತ್ತಿಲ್ಲ. ಒಂದು ಕಾನೂನು ಹೋದರೆ ಇನ್ನೊಂದು ಕೈಗೆ ಸಿಗುತ್ತದೆ. ಆದ್ದರಿಂದಲೇ ಪ್ರಶ್ನೆ ಕಾನೂನು ಪುಸ್ತಕದ್ದಷ್ಟೇ ಅಲ್ಲ, ಪತ್ರಿಕೆ ಓದುವ ನಮ್ಮದೂ ಹೌದು. ತಲೆಬರಹ ನೋಡಿ, ಒಳಗೇನಿದೆಯೆಂದು ಓದದೆ, ಹಾಳೆ ತಿರುಗಿಸುವವರು ನಾವೇ ತಾನೆ?

“ಹಾಗಾದರೆ ದೇಶಕ್ಕೆ ಜನರ ಪ್ರೀತಿಯೇ ಬೇಡವೆ?” ಎಂದು ವಕೀಲರು ಕೊನೆಗೆ ಕೇಳಿದರು.

“ಬೇಕು. ಅದಕ್ಕೇ ಅದನ್ನು ಜಪ್ತಿಮಾಡಿ ತರಬಾರದು” ಎಂದೆ. ಆಮೇಲೆ ಅವರನ್ನು ಒಂದು ಕೆಲಸ ಕೇಳಿಕೊಂಡೆ. ಆ ಸುದ್ದಿಯಲ್ಲಿ ‘ದೇಶದ್ರೋಹ’ ಎಂದು ಬಂದ ಕಡೆಯಲ್ಲೆಲ್ಲ ‘ಸರಕಾರದ ಮೇಲಣ ಅಪ್ರೀತಿ’ ಎಂದು ಹಾಕಿಕೊಂಡು ಮತ್ತೊಮ್ಮೆ ಓದಿ. ಅರ್ಥ ಕೆಟ್ಟರೆ ಅದು ನಿಜವಾದ ದ್ರೋಹ, ನಾನು ನಿಮ್ಮ ಪಕ್ಷ. ಅರ್ಥ ಕೆಡದಿದ್ದರೆ ನೀವು ನನ್ನ ಪಕ್ಷಕ್ಕೆ ಬರಬೇಕು.

ಅವರು ಕನ್ನಡಕ ಏರಿಸಿಕೊಂಡು, ತುಟಿಯಲ್ಲಾಡಿಸುತ್ತ, ಮೊದಲಿನಿಂದ ಕೊನೆಯವರೆಗೆ ಓದಿದರು. ಓದಿ ಮುಗಿಸಿ ಪತ್ರಿಕೆಯನ್ನು ಮಡಿಸಿಟ್ಟರು. ಏನೂ ಹೇಳಲಿಲ್ಲ. ಒಳಗೆ ತಿರುಗಿ, ಇನ್ನೊಂದು ಲೋಟ ಕಾಫಿ ತರಲು ಹೇಳಿದರು.